ಯುದ್ಧಕಾಲದ ಸೇನೆಗೆ ಭರ್ತಿಯಾದ ಬಗೆ

ಅಮೆರಿಕದಲ್ಲಿ ಕಡ್ಡಾಯ ಸೇನಾ ಸೇವೆ 1973ರಲ್ಲಿ ಕೊನೆಗೊಂಡಿತು. ಅಲ್ಲಿಂದೀಚೆಗೆ ಆ ದೇಶದ ಸೇನೆಯಲ್ಲಿರುವವರೆಲ್ಲ, ಕಾಗದದ ಮೇಲಾದರೂ, ತಾವಾಗಿಯೇ ಬಂದು ಸಹಿ ಹಾಕಿದವರು. ಶಾಂತಿಯ ದಿನಗಳಲ್ಲಿ ಈ ಏರ್ಪಾಟು ಹೆಚ್ಚು ಸದ್ದಿಲ್ಲದೆ ನಡೆದುಕೊಂಡು ಹೋಗುತ್ತದೆ. ಇರಾಕ್ ಮತ್ತು ಅಫ್ಘಾನಿಸ್ತಾನಗಳೆರಡರಲ್ಲೂ ಯುದ್ಧ ನಡೆಯುತ್ತಿದ್ದಾಗ, ದಿನಪತ್ರಿಕೆಯಲ್ಲಿ ಸತ್ತವರ ಹೆಸರುಗಳು ಅಚ್ಚಾಗುತ್ತಿದ್ದಾಗ, ಒತ್ತಾಯವಿಲ್ಲದೆ ಪ್ರತಿವರ್ಷ ಎಂಬತ್ತು ಸಾವಿರ ಹೊಸಬರನ್ನು ಕರೆತರುವುದು ಹೇಗೆ ಎಂಬ ಪ್ರಶ್ನೆಗೆ ಆ ಸೇನೆ ಹಲವು ಉತ್ತರಗಳನ್ನು ಹುಡುಕಿತು. ಅವುಗಳಲ್ಲಿ ತೀರ ಚಿಕ್ಕದೊಂದು ಉತ್ತರದ ಮೂಲಕ, ವಿದ್ಯಾರ್ಥಿ ವೀಸಾದ ಮೇಲಿದ್ದ ಭಾರತೀಯ ಪ್ರಜೆಯಾದ ನಾನು ಒಳಗೆ ಹೋದೆ. ಪೌರತ್ವಕ್ಕಾಗಿಯೇ ಸೇರಿದೆನೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೇಶಭಕ್ತಿಯ ಮಾತನ್ನು ಆಗಲೂ ಯಾರ ಮುಂದೆಯೂ ಆಡಿರಲಿಲ್ಲ.

ಹಿನ್ನೆಲೆ ಇಲ್ಲದೆ ನನ್ನ ಅನುಭವ ಅರ್ಥವಾಗುವುದಿಲ್ಲ. ಅಲ್ಲಿನ ಲೆಕ್ಕದ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗೆ. 2005ರಲ್ಲಿ ಭೂಸೇನೆಯ ಗುರಿ 80,000 ಇತ್ತು, ಸೇರಿದವರು 73,373. ಆರೂವರೆ ಸಾವಿರದಷ್ಟು ಕೊರತೆ ಬಿದ್ದದ್ದೇ ತಡ, ನಿಯಮಗಳು ಒಂದೊಂದಾಗಿ ಸಡಿಲವಾದವು. ಸೇರುವ ವಯಸ್ಸಿನ ಮಿತಿಯನ್ನು 2006ರ ಜನವರಿಯಲ್ಲಿ 40ಕ್ಕೂ ಜೂನ್‌ನಲ್ಲಿ 42ಕ್ಕೂ ಏರಿಸಿದರು. ಸೇರಿದವರಿಗೆ ಕೊಡುವ ಬೋನಸ್ ಗರಿಷ್ಠ 40,000 ಡಾಲರ್‌ವರೆಗೆ ಹೋಯಿತು. ಹೊಸಬರಲ್ಲಿ ಶೇ 90ರಷ್ಟು ಜನ ಹೈಸ್ಕೂಲ್ ಡಿಪ್ಲೊಮಾ ಪಡೆದವರಿರಬೇಕು ಎಂಬುದು ರಕ್ಷಣಾ ಇಲಾಖೆಯ ಮಾನದಂಡ. 2007ರಲ್ಲಿ ಭೂಸೇನೆಯಲ್ಲಿ ಅದು ಶೇ 79ಕ್ಕೆ ಇಳಿಯಿತು. ಹಿಂದೆ ಪೊಲೀಸ್ ದಾಖಲೆಯ ಕಾರಣಕ್ಕೆ ವಾಪಸ್ಸು ಕಳಿಸುತ್ತಿದ್ದವರಲ್ಲಿ ಅನೇಕರಿಗೆ ವಿನಾಯಿತಿ ಸಿಗತೊಡಗಿತು. ಹೀಗೆಲ್ಲ ಮಾಡಿ 2006 ಮತ್ತು 2007ರಲ್ಲಿ ಎಂಬತ್ತು ಸಾವಿರದ ಗುರಿ ಮುಟ್ಟಿದ್ದಾಯಿತು. ಪತ್ರಿಕಾ ಹೇಳಿಕೆಯಲ್ಲಿ ಬರುವುದು ಕೊನೆಯ ಅಂಕಿ ಮಾತ್ರ. ಅದನ್ನು ತಲುಪಲು ಯಾವ ಅಳತೆಗೋಲನ್ನು ಎಷ್ಟು ಗಿಡ್ಡ ಮಾಡಿದರು ಎಂಬುದನ್ನು ಪಕ್ಕದಲ್ಲಿಟ್ಟು ಓದದಿದ್ದರೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ.

ಆದರೂ ಕೆಲವು ಕೊರತೆಗಳು ಹಣದಿಂದಲೂ ವಿನಾಯಿತಿಯಿಂದಲೂ ತುಂಬುವಂಥವಲ್ಲ. ವೈದ್ಯರು ಬೇಕಿತ್ತು, ದಾದಿಯರು ಬೇಕಿತ್ತು, ಏಷ್ಯಾ ಆಫ್ರಿಕಾಗಳ ಭಾಷೆ ಬಲ್ಲವರು ಬೇಕಿತ್ತು. ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ 2008ರ ನವೆಂಬರ್‌ನಲ್ಲಿ ಒಂದು ಪ್ರಾಯೋಗಿಕ ಯೋಜನೆಗೆ ಒಪ್ಪಿಗೆ ಕೊಟ್ಟರು. ರಾಷ್ಟ್ರಹಿತಕ್ಕೆ ಅತ್ಯಗತ್ಯವಾದ ಸೇನಾ ಭರ್ತಿ ಎಂಬರ್ಥದ ಅದರ ಉದ್ದ ಇಂಗ್ಲಿಷ್ ಹೆಸರು ಚಿಕ್ಕದಾಗಿ, ಎಲ್ಲರ ಬಾಯಲ್ಲೂ 'ಮಾವ್ನಿ' ಎಂದೇ ಚಾಲ್ತಿಗೆ ಬಂತು. ಅದರ ಹಿಂದೆ ದುಡಿದವರು ವಲಸೆ ಕಾನೂನಿನ ವಕೀಲೆಯೂ ಮೀಸಲು ಸೇನೆಯ ಅಧಿಕಾರಿಯೂ ಆಗಿದ್ದ ಮಾರ್ಗರೆಟ್ ಸ್ಟಾಕ್. ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿ, ಇಲ್ಲದಿದ್ದರೂ ಕಾನೂನುಬದ್ಧ ವೀಸಾದ ಮೇಲೆ ಎರಡು ವರ್ಷ ದೇಶದಲ್ಲಿದ್ದು, ಆ ಅವಧಿಯಲ್ಲಿ ಒಮ್ಮೆಗೆ 90 ದಿನಕ್ಕಿಂತ ಹೆಚ್ಚು ಹೊರಗೆ ಹೋಗದವರು ಸೇರಬಹುದಿತ್ತು. ಮೊದಲ ಸುತ್ತಿನಲ್ಲಿ ಎಲ್ಲ ಪಡೆಗಳಿಗೂ ಸೇರಿ ಜಾಗವಿದ್ದದ್ದು 1,000 ಮಂದಿಗೆ ಮಾತ್ರ. ಭಾಷೆಗಳ ಪಟ್ಟಿಯಲ್ಲಿ ಹಿಂದಿ, ಬಂಗಾಳಿ, ಪಂಜಾಬಿ, ಉರ್ದು, ತಮಿಳು, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ನಾನು ಹಿಂದಿಯ ಹೆಸರಿನಲ್ಲಿ ಹೋದೆ.

ಹೋಗಬೇಕಾದ ಸಂದರ್ಭವೂ 2009ಕ್ಕೇ ಸೇರಿದ್ದು. ನ್ಯೂಜೆರ್ಸಿಯಲ್ಲಿ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿ ಮುಗಿಸಿ ಹೊರಬಂದಾಗ ಆರ್ಥಿಕ ಕುಸಿತ ಎಲ್ಲೆಡೆ ಹಬ್ಬಿತ್ತು. ಓದು ಮುಗಿದ ಮೇಲೆ ಸಿಗುವ ಕೆಲಸದ ಪರವಾನಗಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಏಪ್ರಿಲ್‌ನ ಮೊದಲ ವಾರದಲ್ಲೇ ಮುಗಿದುಹೋಗುತ್ತಿದ್ದ ಎಚ್-1ಬಿ ವೀಸಾಗಳ ಕೋಟಾ 2009ರಲ್ಲಿ ಡಿಸೆಂಬರ್‌ವರೆಗೂ ತುಂಬಲಿಲ್ಲ ಎಂದರೆ ಕಂಪನಿಗಳು ಎಷ್ಟರ ಮಟ್ಟಿಗೆ ಕೈಕಟ್ಟಿ ಕೂತಿದ್ದವು ಎಂಬುದನ್ನು ಊಹಿಸಬಹುದು. ಪರಿಚಯದವರ ಕಿರು ಸಂಸ್ಥೆಯೊಂದರಲ್ಲಿ ಅಲ್ಪ ಸಂಬಳಕ್ಕೆ ದುಡಿಯುತ್ತ, ಊರಿಗೆ ಮರಳುವ ಟಿಕೆಟಿನ ದರ ನೋಡುತ್ತಿದ್ದಾಗ ಸಹಪಾಠಿಯೊಬ್ಬ ಈ ಯೋಜನೆಯ ಸುದ್ದಿ ತಂದ. ಆ ವರ್ಷ ಸೇನೆ ಬೋನಸ್‌ಗಳನ್ನು ಕಡಿತಗೊಳಿಸುತ್ತಿದ್ದರೂ ಜನ ತಾವಾಗಿಯೇ ಬರುತ್ತಿದ್ದರು. 2009ರ ಲೆಕ್ಕದ ವರ್ಷದಲ್ಲಿ ಎಲ್ಲ ಪಡೆಗಳೂ, ಮೀಸಲು ದಳಗಳ ಸಮೇತ, ಸಂಖ್ಯೆಯ ಗುರಿಯನ್ನೂ ಗುಣಮಟ್ಟದ ಗುರಿಯನ್ನೂ ಒಟ್ಟಿಗೆ ಮುಟ್ಟಿದವು. 1973ರ ನಂತರ ಹಾಗಾದದ್ದು ಅದೇ ಮೊದಲು. ಅಫ್ಘಾನಿಸ್ತಾನದ ಯುದ್ಧ ಆಗ ತಣ್ಣಗಾಗಿರಲಿಲ್ಲ, ತೀವ್ರವಾಗುತ್ತಿತ್ತು. ಬದಲಾದದ್ದು ನಿರುದ್ಯೋಗದ ಪ್ರಮಾಣ. ಅದು ಆ ಅಕ್ಟೋಬರ್‌ನಲ್ಲಿ ಶೇ 10ಕ್ಕೆ ಮುಟ್ಟಿತ್ತು.

ನಾನು ಹೋದ ನೇಮಕಾತಿ ಕಚೇರಿ ಒಂದು ಅಂಗಡಿ ಸಾಲಿನಲ್ಲಿ, ಪಿಜ್ಜಾ ಅಂಗಡಿಗೂ ಲಾಂಡ್ರಿಗೂ ನಡುವೆ ಇತ್ತು. ಒಳಗೆ ಗೋಡೆಯ ಬಿಳಿ ಹಲಗೆಯ ಮೇಲೆ ರಿಕ್ರೂಟರ್‌ಗಳ ಹೆಸರು, ಹೆಸರಿನ ಮುಂದೆ ಆ ತಿಂಗಳ 'ಮಿಷನ್', ಅಂದರೆ ಎಷ್ಟು ಜನರನ್ನು ಕೊಡಬೇಕೆಂಬ ಸಂಖ್ಯೆ, ಅದರ ಮುಂದೆ ಎಷ್ಟಾಯಿತೆಂಬ ಲೆಕ್ಕ. ಒಬ್ಬೊಬ್ಬರ ಪಾಲಿಗೆ ಬರುವುದು ತಿಂಗಳಿಗೆ ಒಂದೋ ಎರಡೋ. ದೇಶದ ಎಂಬತ್ತು ಸಾವಿರದ ದೊಡ್ಡ ಅಂಕಿ ಕೊನೆಗೆ ಬಂದು ನಿಲ್ಲುವುದು ಈ ಹಲಗೆಯ ಮೇಲಿನ ಒಂದಂಕಿಯಲ್ಲಿ. ನನ್ನ ಕಡತ ನೋಡಿಕೊಂಡ ಸಾರ್ಜೆಂಟ್ ಇರಾಕ್‌ಗೆ ಎರಡು ಸಲ ಹೋಗಿಬಂದವರು. ಅಲ್ಲಿನ ದಿನಗಳ ಬಗ್ಗೆ ಕೇಳಿದರೆ ಸಲೀಸಾಗಿ ಮಾತಾಡುತ್ತಿದ್ದರು. ತಿಂಗಳ ಕೊನೆಯ ವಾರದ ಬಗ್ಗೆ ಮಾತ್ರ ಮುಖ ಗಂಟಿಕ್ಕುತ್ತಿದ್ದರು. ಹೂಸ್ಟನ್‌ನ ನೇಮಕಾತಿ ಬೆಟಾಲಿಯನ್‌ನಲ್ಲಿ 2005ರಿಂದ 2008ರೊಳಗೆ ನಾಲ್ವರು ರಿಕ್ರೂಟರ್‌ಗಳು ಆತ್ಮಹತ್ಯೆ ಮಾಡಿಕೊಂಡಿದ್ದರು. 2009ರ ಫೆಬ್ರವರಿಯಲ್ಲಿ ಇಡೀ ದೇಶದ ನೇಮಕಾತಿ ಕೆಲಸವನ್ನು ಒಂದು ದಿನ ನಿಲ್ಲಿಸಿ ಈ ಒತ್ತಡದ ಬಗ್ಗೆ ಚರ್ಚಿಸಿದ್ದರು. ಯುದ್ಧಭೂಮಿಯಿಂದ ಬಂದವರನ್ನು ನೇರವಾಗಿ ಮಾರಾಟದ ಕೆಲಸಕ್ಕೆ ಕೂರಿಸುವುದು ಎಂಥ ಶಿಕ್ಷೆ ಎಂಬುದು ಆ ಹಲಗೆಯ ಮುಂದೆ ಕುಳಿತಾಗಲೇ ನನಗೆ ಹೊಳೆದದ್ದು.

ವಿಚಿತ್ರವೆಂದರೆ ನನ್ನಂಥವರಿಂದ ಆ ಸಾರ್ಜೆಂಟ್‌ಗೆ ಹೇಳಿಕೊಳ್ಳುವಷ್ಟು ಲಾಭವಿರಲಿಲ್ಲ. ಊರಿನ ಹುಡುಗನೊಬ್ಬ ಬಂದರೆ ಕೆಲವು ವಾರಗಳಲ್ಲಿ ಕಡತ ಮುಗಿಯುತ್ತದೆ. ನನ್ನ ಕಡತಕ್ಕೆ ಪಾಸ್‌ಪೋರ್ಟ್, ವೀಸಾ, ದೇಶದೊಳಗೆ ಬಂದದ್ದರ ದಾಖಲೆಯಾದ ಐ-94, ವಿದ್ಯಾರ್ಥಿಯೆಂದು ತೋರಿಸುವ ವಿಶ್ವವಿದ್ಯಾಲಯದ ಐ-20, ಪ್ರತಿ ಬಾರಿ ದೇಶ ಬಿಟ್ಟ ಮತ್ತು ಬಂದ ದಿನಾಂಕ, ಭಾರತದ ಅಂಕಪಟ್ಟಿಗಳ ಮೌಲ್ಯಮಾಪನ, ಎಲ್ಲವೂ ಬೇಕು. ಭದ್ರತಾ ತಪಾಸಣೆಯ ಎಸ್‌ಎಫ್-86 ನಮೂನೆ ವಿದೇಶದಲ್ಲಿರುವ ಬಂಧುಗಳ ವಿವರ ಕೇಳುತ್ತದೆ. ಅಮೆರಿಕದ ಹುಡುಗನಿಗೆ ಆ ಪುಟ ಖಾಲಿ. ನನಗೆ ಬಂಧುಗಳಿರುವುದೆಲ್ಲ ಅಲ್ಲೇ. ಇಷ್ಟಾದರೂ ನಮಗೆ ಯಾವ ವಿನಾಯಿತಿಯೂ ಇರಲಿಲ್ಲ. ಸಾಮಾನ್ಯ ಅಭ್ಯರ್ಥಿಗೆ ಅರ್ಹತಾ ಪರೀಕ್ಷೆಯಲ್ಲಿ 31 ಬಂದರೆ ಸಾಕು, ನಮಗೆ ಕನಿಷ್ಠ 50 ಬೇಕಿತ್ತು. ಹೀಗಾಗಿ ಆ ದಿನಗಳಲ್ಲಿ ಒಂದೇ ಕಚೇರಿಯ ಒಂದು ಮೇಜಿನ ಮೇಲೆ ವಿನಾಯಿತಿ ಕೋರುವ ಅರ್ಜಿಗಳೂ ಪಕ್ಕದ ಮೇಜಿನ ಮೇಲೆ ಎರಡೆರಡು ಪದವಿ ಪಡೆದವರ ಕಡತಗಳೂ ಇರುತ್ತಿದ್ದವು.

ಆ ಅರ್ಹತಾ ಪರೀಕ್ಷೆ ಕಂಪ್ಯೂಟರಿನ ಮೇಲೆ ನಡೆಯುತ್ತದೆ. ಲೆಕ್ಕ ಮತ್ತು ಇಂಗ್ಲಿಷ್ ನಮ್ಮ ಕಡೆಯಿಂದ ಹೋದವರಿಗೆ ಕಷ್ಟವಲ್ಲ, ಮುಖ್ಯ ಅಂಕ ಬರುವುದೂ ಅವುಗಳಿಂದಲೇ. ಮೋಟಾರು ಮತ್ತು ಗ್ಯಾರೇಜ್ ವಿಷಯದ ಭಾಗ ಬಂದಾಗ ಮಾತ್ರ ನಾನು ಬೆಪ್ಪಾದೆ. ಯಾವ ಸ್ಪ್ಯಾನರ್ ಯಾವ ಕೆಲಸಕ್ಕೆ, ಕಾರಿನ ಡಿಫರೆನ್ಷಿಯಲ್ ಏನು ಮಾಡುತ್ತದೆ ಎಂಬುದನ್ನು ಕೇಳುವ ಆ ಪ್ರಶ್ನೆಗಳು, ಹದಿನಾರಕ್ಕೇ ಹಳೆಯ ಕಾರೊಂದನ್ನು ಬಿಚ್ಚಿ ಜೋಡಿಸಿದ ಹುಡುಗರಿಗಾಗಿ ಬರೆದವು. ಹಿಂದಿಯ ಪರೀಕ್ಷೆ ದೂರವಾಣಿಯಲ್ಲಿ ನಡೆಯಿತು. ಆ ಕಡೆಯಿಂದ ಮಾತಾಡಿದ ಹೆಂಗಸು ಊರು, ಬೆಳೆ, ಚುನಾವಣೆ ಎಂದು ಸಾವಕಾಶವಾಗಿ ಶುರುಮಾಡಿ, ಕೊನೆಗೆ ಸರ್ಕಾರಿ ಕಚೇರಿಯಲ್ಲಿ ದೂರು ಕೊಡುವವನ ಪಾತ್ರ ವಹಿಸುವಂತೆ ಹೇಳಿದರು. ಹಾಸನ ಜಿಲ್ಲೆಯ ಶಾಲೆಯಲ್ಲಿ ಮೂರನೆಯ ಭಾಷೆಯಾಗಿ ಕಲಿತು ಬೆಂಗಳೂರಿನ ಹಾಸ್ಟೆಲಿನಲ್ಲಿ ತಿದ್ದಿಕೊಂಡ ಹಿಂದಿ ನನ್ನದು. ಕುರ್ಚಿ ಹೆಣ್ಣೋ ಮೇಜು ಗಂಡೋ ಎಂಬುದು ಇಂದಿಗೂ ಸ್ಪಷ್ಟವಿಲ್ಲ. ಬೇಕಾದ ಮಟ್ಟ ಹೇಗೋ ದಾಟಿತು.

ವೈದ್ಯಕೀಯ ತಪಾಸಣೆ ಬ್ರೂಕ್ಲಿನ್‌ನ ಫೋರ್ಟ್ ಹ್ಯಾಮಿಲ್ಟನ್‌ನಲ್ಲಿರುವ ಪ್ರವೇಶ ಕೇಂದ್ರದಲ್ಲಿ. ಎಲ್ಲರೂ ಅದನ್ನು 'ಮೆಪ್ಸ್' ಎನ್ನುತ್ತಾರೆ. ಹಿಂದಿನ ರಾತ್ರಿ ಹೋಟೆಲಿನಲ್ಲಿ ಇಬ್ಬರಿಗೊಂದು ಕೋಣೆ ಕೊಟ್ಟು, ನಸುಕಿನ ನಾಲ್ಕಕ್ಕೆ ಎಬ್ಬಿಸಿ ಬಸ್ಸು ಹತ್ತಿಸುತ್ತಾರೆ. ಅಲ್ಲಿಂದ ಮುಂದೆ ಇಡೀ ದಿನ ಸಾಲಿನಲ್ಲಿ ನಿಲ್ಲುವುದೇ ಕೆಲಸ. ರಕ್ತ, ಒಬ್ಬ ಮೇಲ್ವಿಚಾರಕ ನೋಡುತ್ತಿರುವಂತೆಯೇ ಮೂತ್ರ, ಕಣ್ಣು, ಬಣ್ಣಗುರುಡಿನ ಚುಕ್ಕಿಚಿತ್ರ, ಕಿವಿಗೆ ಮುಚ್ಚಿದ ಡಬ್ಬಿಯಂಥ ಕೋಣೆಯೊಳಗೆ ಬೀಪ್ ಕೇಳಿದಾಗಲೆಲ್ಲ ಗುಂಡಿ ಒತ್ತುವುದು. ಕೊನೆಗೆ ಒಳಚಡ್ಡಿಯ ಮೇಲೆ ಹತ್ತಿಪ್ಪತ್ತು ಗಂಡಸರನ್ನು ಸಾಲಾಗಿ ಕುಕ್ಕರಗಾಲಿನಲ್ಲಿ ಕೂರಿಸಿ, ಹಾಗೆಯೇ ಬಾತುಕೋಳಿಯಂತೆ ಕೋಣೆಯ ಆ ತುದಿಯವರೆಗೆ ನಡೆಸುತ್ತಾರೆ. ಮಂಡಿ, ಸೊಂಟ, ಪಾದಗಳ ದೋಷ ಅದರಲ್ಲಿ ಗೊತ್ತಾಗುತ್ತದಂತೆ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂರುವುದು ನಮಗೆ ಹುಟ್ಟಿನಿಂದ ಬಂದದ್ದು, ನಾನು ಸಲೀಸಾಗಿ ದಾಟಿದೆ. ನನ್ನ ಪಕ್ಕದಲ್ಲಿದ್ದ ಭಾರೀ ಮೈಕಟ್ಟಿನ ಯುವಕ ಎರಡು ಹೆಜ್ಜೆಗೇ ಕೈ ಊರಿಬಿಟ್ಟ. ಆ ದಿನ ನಮ್ಮ ಜೊತೆ ಬಂದವರಲ್ಲಿ ಹಲವರು ತೂಕ, ಆಸ್ತಮಾ, ಹಳೆಯ ಶಸ್ತ್ರಚಿಕಿತ್ಸೆ ಎಂದು ಮಧ್ಯಾಹ್ನದೊಳಗೆ ಹೊರಬಿದ್ದರು. ಜನರಿಗೆ ಸೇನೆ ಸೇರುವ ಮನಸ್ಸಿಲ್ಲ ಎಂದು ಕೊರತೆಯ ಕಾಲದಲ್ಲಿ ಸಂಪಾದಕೀಯಗಳು ದೂರುತ್ತವೆ. ಮನಸ್ಸಿದ್ದು ಬಂದವರಲ್ಲಿ ಎಷ್ಟು ಮಂದಿಯನ್ನು ದೇಹವೇ ವಾಪಸ್ಸು ಕಳಿಸುತ್ತದೆ ಎಂಬುದನ್ನು ನೋಡಬೇಕಾದರೆ ಆ ಕೇಂದ್ರದ ಮಧ್ಯಾಹ್ನದ ಹೊತ್ತಿನ ಕುರ್ಚಿಗಳನ್ನು ನೋಡಬೇಕು.

ಪಾಸಾದವರು ಕೆಲಸ ಆರಿಸಿಕೊಡುವ ಸಲಹೆಗಾರರ ಮುಂದೆ ಕೂರಬೇಕು. ಪೌರನಲ್ಲದವನಿಗೆ ಭದ್ರತಾ ಅನುಮತಿ ಸಿಗುವುದಿಲ್ಲವಾದ್ದರಿಂದ ಕಂಪ್ಯೂಟರು, ಸಂಪರ್ಕ, ಗುಪ್ತಚರ ವಿಭಾಗಗಳ ಕೆಲಸಗಳು ಪರದೆಯ ಮೇಲೆ ಕಾಣಿಸಲೇ ಇಲ್ಲ. ಅಡುಗೆ, ಲಾರಿ ಚಾಲನೆ, ಉಗ್ರಾಣ ಉಳಿದವು. ನಾನು ಉಗ್ರಾಣ ಆರಿಸಿಕೊಂಡೆ. ಭಾಷೆ ಬಲ್ಲವರ ಕೊರತೆಯೆಂದು ಕರೆದು, ಕಂಬಳಿ ಮತ್ತು ಬಿಡಿಭಾಗಗಳ ಲೆಕ್ಕ ಬರೆಯಲು ಕೂರಿಸುವುದರಲ್ಲಿ ಯಾವ ತರ್ಕವಿದೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಕೇಳಿದ್ದರೂ ಆ ಮೇಜಿನಲ್ಲಿದ್ದವರ ಕೈಯಲ್ಲಿ ಏನೂ ಇರಲಿಲ್ಲ. ಒಪ್ಪಂದ ನಾಲ್ಕು ವರ್ಷದ ಸಕ್ರಿಯ ಸೇವೆಯದಾದರೂ ಒಟ್ಟು ಬಾಧ್ಯತೆ ಎಂಟು ವರ್ಷ. ಉಳಿದ ನಾಲ್ಕರಲ್ಲಿ ಮನೆಯಲ್ಲಿದ್ದರೂ ಕರೆ ಬಂದರೆ ಹೋಗಬೇಕು. ಇದಲ್ಲದೆ ಇರಾಕ್ ಯುದ್ಧದುದ್ದಕ್ಕೂ 'ಸ್ಟಾಪ್-ಲಾಸ್' ಎಂಬ ಆದೇಶದಡಿ, ಅವಧಿ ಮುಗಿದ ಸಾವಿರಾರು ಸೈನಿಕರನ್ನು ಅವರ ದಳ ಯುದ್ಧಕ್ಕೆ ಹೊರಟಿದೆಯೆಂಬ ಕಾರಣಕ್ಕೆ ತಡೆಹಿಡಿದಿದ್ದರು. ಒಳಗೆ ಬರುವುದು ಸ್ವಂತ ಇಚ್ಛೆ, ಹೊರಗೆ ಹೋಗುವುದು ಹಾಗಲ್ಲ. ಸ್ವಯಂಪ್ರೇರಿತ ಸೇನೆ ಯುದ್ಧಕಾಲದಲ್ಲಿ ತನ್ನ ಬಲವನ್ನು ಉಳಿಸಿಕೊಂಡದ್ದರಲ್ಲಿ ಹೊಸಬರ ಭರ್ತಿಯಷ್ಟೇ ಪಾಲು ಈ ತಡೆಯದೂ ಇದೆ ಎಂದು ನನ್ನ ಅಭಿಪ್ರಾಯ.

ಅದೇ ಸಂಜೆ ಬಾವುಟಗಳಿದ್ದ ಕೋಣೆಯಲ್ಲಿ ಬಲಗೈ ಎತ್ತಿ ಪ್ರಮಾಣ ಮಾಡಿದೆವು. ಹಾಗೆ ಮಾಡಿದವನು ಲೆಕ್ಕಕ್ಕೆ ಸೇರಿದ ಎಂದು ಹೊರಗಿನವರು ಭಾವಿಸುತ್ತಾರೆ, ಹಾಗಲ್ಲ. ಸಹಿ ಹಾಕಿದವನು ತರಬೇತಿಗೆ ಹೊರಡುವವರೆಗೆ ಒಂದು ವರ್ಷದವರೆಗೂ ಕಾಯುವ ಪಟ್ಟಿಯಲ್ಲಿರಬಹುದು; ವರ್ಷದ ಗುರಿಗೆ ಎಣಿಸುವುದು ತರಬೇತಿಗೆ ಹೊರಟವರನ್ನು. ಕಾಯುವ ಪಟ್ಟಿ ತುಂಬಿದ್ದರೆ ಬರುವ ವರ್ಷದ ನೇಮಕಾತಿ ಅರ್ಧ ಗೆದ್ದಂತೆ. 2005ರಲ್ಲಿ ಅದೇ ಬರಿದಾಗಿತ್ತು. 2007ರ ಬೇಸಿಗೆಯಲ್ಲಿ, ಸೆಪ್ಟೆಂಬರ್ ಮುಗಿಯುವುದರೊಳಗೆ ತರಬೇತಿಗೆ ಹೊರಡಲು ಒಪ್ಪಿದವರಿಗೆ 20,000 ಡಾಲರ್ ಬೋನಸ್ ಘೋಷಿಸಿದ್ದೂ ಇದೇ ಲೆಕ್ಕಕ್ಕಾಗಿ. ಮುಂದಿನ ವರ್ಷದವನನ್ನು ಈ ವರ್ಷಕ್ಕೆ ಎಳೆದುಕೊಂಡರೆ ಈ ವರ್ಷದ ಅಂಕಿ ಚೆನ್ನಾಗಿ ಕಾಣುತ್ತದೆ, ಮುಂದಿನ ವರ್ಷದ ಕಣಜ ಮಾತ್ರ ಖಾಲಿಯಾಗುತ್ತದೆ. ನಾನು 2009ರ ಶರತ್ಕಾಲದಲ್ಲಿ ಸಹಿ ಹಾಕಿದರೂ ಹೊರಟದ್ದು 2010ರಲ್ಲಿ. ಆದ್ದರಿಂದ 2010ರ 74,500ರ ಗುರಿಯಲ್ಲಿ ನಾನೊಬ್ಬ. ಆ ನಡುವೆ 2009 ಮುಗಿಯುವ ಹೊತ್ತಿಗೆ ನಮ್ಮ ಯೋಜನೆಯ ಪ್ರಾಯೋಗಿಕ ಅವಧಿಯೂ ಮುಗಿದು, ಹೊಸ ಅರ್ಜಿಗಳಿಗೆ ಬಾಗಿಲು ಹಾಕಿದ್ದರು.

ಮನೆಗೆ ತಿಳಿಸಿದ್ದು ಈ ಕಾಯುವ ತಿಂಗಳುಗಳಲ್ಲಿ. ನಮ್ಮೂರು ಸಕಲೇಶಪುರದ ಕಡೆ, ಗಡಿ ದಾಟಿದರೆ ಕೊಡಗು. ಅಲ್ಲಿ ಕಾರ್ಯಪ್ಪ, ತಿಮ್ಮಯ್ಯನವರ ಕಾಲದಿಂದ ಸೇನೆಯೆಂದರೆ ಮನೆತನದ ವಿಷಯ. ನಮ್ಮ ಮನೆಯಲ್ಲಿ ಕೋವಿ ಹಿಡಿದವರಿದ್ದದ್ದು ಹಂದಿ ಓಡಿಸಲು ಮಾತ್ರ. ಅಪ್ಪ ಎಲ್ಲ ಕೇಳಿಸಿಕೊಂಡು, "ಅಲ್ಲ ಮಗ, ಆ ದೇಶಕ್ಕೆ ಆಳು ಸಾಲ್ದೆ ನಿನ್ನ ಕರೀತಿದಾರೋ, ನಿನಗೇ ಬೇರೆ ದಾರಿ ಇಲ್ದೆ ಹೋಗ್ತಿದೀಯೋ?" ಎಂದರು. "ಎರಡೂ ಹೌದಪ್ಪ" ಎಂದೆ. ಯುದ್ಧಕ್ಕೆ ಕಳಿಸುತ್ತಾರೇನೋ ಎಂದು ಅಮ್ಮ ಹಿಂದಿನಿಂದ ಕೇಳುತ್ತಿದ್ದರು. ಅಧ್ಯಕ್ಷ ಒಬಾಮ ಅಫ್ಘಾನಿಸ್ತಾನಕ್ಕೆ ಇನ್ನೂ 30,000 ಸೈನಿಕರನ್ನು ಕಳಿಸುವುದಾಗಿ ಡಿಸೆಂಬರ್‌ನಲ್ಲಿ ಘೋಷಿಸಿದ್ದರು. ಇಲ್ಲವೆಂದು ಹೇಳುವಂತಿರಲಿಲ್ಲ.

ದಕ್ಷಿಣ ಕೆರೊಲಿನಾದ ಫೋರ್ಟ್ ಜಾಕ್ಸನ್‌ನಲ್ಲಿ ಹತ್ತು ವಾರಗಳ ಮೂಲ ತರಬೇತಿ. ಬೈಗುಳ, ಓಟ, ಅಶ್ರುವಾಯುವಿನ ಕೋಣೆ, ನಲವತ್ತರಲ್ಲಿ ಇಪ್ಪತ್ತಮೂರು ಗುರಿ ಹೊಡೆಯಬೇಕಾದ ರೈಫಲ್ ಪರೀಕ್ಷೆ, ಇವುಗಳ ವರ್ಣನೆ ಬೇರೆಡೆ ಸಾಕಷ್ಟಿದೆ. ನನ್ನ ಗಮನ ಹೋದದ್ದು ಯಾರು ಬಂದಿದ್ದಾರೆ ಎಂಬುದರ ಮೇಲೆ. ನಮ್ಮ ಪ್ಲಟೂನ್‌ನಲ್ಲಿ ಹೈಸ್ಕೂಲ್ ಮುಗಿಸಿ ನೇರವಾಗಿ ಬಂದ ಹದಿನೆಂಟರ ಹುಡುಗರಿದ್ದರು, ಕಾರು ಕಾರ್ಖಾನೆಯ ಕೆಲಸ ಹೋಗಿ ಮನೆಯ ಸಾಲ ಕಟ್ಟಲಾಗದೆ, ಹೆಂಡತಿ ಮಕ್ಕಳ ಆರೋಗ್ಯ ವಿಮೆಗಾಗಿ ಬಂದ ನಲವತ್ತರ ಹತ್ತಿರದವರೊಬ್ಬರಿದ್ದರು. ಕೊರತೆಯ ಕಾಲದಲ್ಲಿ ಏರಿಸಿದ ವಯೋಮಿತಿ ಇನ್ನೂ ಹಾಗೆಯೇ ಇದ್ದುದರಿಂದ ಅವರಿಗೆ ಅವಕಾಶ ಸಿಕ್ಕಿತ್ತು. 2011ರ ಏಪ್ರಿಲ್‌ನಲ್ಲಿ ಅದನ್ನು ಮತ್ತೆ 35ಕ್ಕೆ ಇಳಿಸಿದರು. ಪದವೀಧರನಾದ್ದರಿಂದ ನನಗೆ ಆರಂಭದಲ್ಲೇ ಸಾರ್ಜೆಂಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಸ್ಪೆಷಲಿಸ್ಟ್ ದರ್ಜೆ ಸಿಕ್ಕಿತ್ತು. ಮೂಲವೇತನ ತಿಂಗಳಿಗೆ ಎರಡು ಸಾವಿರ ಡಾಲರ್‌ಗೂ ಕಡಿಮೆ.

ಪೌರತ್ವದ ಕೆಲಸ ತರಬೇತಿಯ ಜೊತೆಜೊತೆಗೇ ನಡೆಯಿತು. ಶಾಂತಿಕಾಲದ ಕಾನೂನಿನ ಪ್ರಕಾರ ಸೈನಿಕನಿಗೆ ಪೌರತ್ವ ಬೇಕಾದರೆ ಗ್ರೀನ್ ಕಾರ್ಡ್ ಇರಬೇಕು, ಒಂದು ವರ್ಷ ಸೇವೆಯಾಗಿರಬೇಕು. ಯುದ್ಧಕಾಲಕ್ಕೆ ಬೇರೆ ಕಲಮು ಇದೆ; ಅದರಲ್ಲಿ ಎರಡೂ ಬೇಡ. 2001ರ ಸೆಪ್ಟೆಂಬರ್ 11ರಿಂದ ಮುಂದಿನ ಅವಧಿಯನ್ನು ಯುದ್ಧಕಾಲವೆಂದು ಪರಿಗಣಿಸುವ ಆದೇಶಕ್ಕೆ ಅಧ್ಯಕ್ಷ ಬುಷ್ 2002ರ ಜುಲೈನಲ್ಲಿ ಸಹಿ ಹಾಕಿದ್ದರು. ನಮ್ಮ ಯೋಜನೆ ನಿಂತಿದ್ದದ್ದೇ ಆ ಆದೇಶದ ಮೇಲೆ. 2009ರ ಆಗಸ್ಟ್‌ನಿಂದ ವಲಸೆ ಇಲಾಖೆಯ ಅಧಿಕಾರಿಗಳು ತರಬೇತಿ ನೆಲೆಗೇ ಬಂದು ಸಂದರ್ಶನ ನಡೆಸುತ್ತಿದ್ದರು. ಆಗ ಹತ್ತು ಪ್ರಶ್ನೆಗಳಲ್ಲಿ ಆರಕ್ಕೆ ಉತ್ತರ ಸರಿಯಿರಬೇಕಿತ್ತು. ನಿದ್ದೆಗೆಟ್ಟ ಕಣ್ಣಿನಲ್ಲಿ ಸಂವಿಧಾನದ ತಿದ್ದುಪಡಿಗಳ ಸಂಖ್ಯೆ ಹೇಳಿದ್ದು ನೆನಪಿದೆ. ತರಬೇತಿ ಮುಗಿಯುವ ವಾರದಲ್ಲಿ ಹತ್ತಾರು ದೇಶಗಳಿಂದ ಬಂದ ನಾವೆಲ್ಲ ಸಮವಸ್ತ್ರದಲ್ಲೇ ನಿಂತು ಪೌರರಾದೆವು. ನನ್ನ ಸಹಪಾಠಿಗಳು ಹತ್ತು ವರ್ಷ ದಾಟಿಯೂ ಗ್ರೀನ್ ಕಾರ್ಡಿನ ಸಾಲಿನಲ್ಲಿದ್ದಾರೆ. ಈ ಪೌರತ್ವಕ್ಕೆ ಒಂದು ಶರತ್ತಿದೆ: ಐದು ವರ್ಷದ ಗೌರವಯುತ ಸೇವೆಗೆ ಮೊದಲೇ ಕೆಟ್ಟ ಹೆಸರಿನೊಂದಿಗೆ ಹೊರಬಿದ್ದರೆ ಅದನ್ನು ಹಿಂದಕ್ಕೆ ಪಡೆಯಬಹುದು.

ಇನ್ನೊಂದು ಬೆಲೆಯನ್ನು ನಮ್ಮವರು ಸಾಮಾನ್ಯವಾಗಿ ಮೊದಲೇ ಲೆಕ್ಕ ಹಾಕುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದ ಕ್ಷಣಕ್ಕೆ 1955ರ ಕಾಯ್ದೆಯಂತೆ ಭಾರತೀಯ ಪೌರತ್ವ ತಾನಾಗಿಯೇ ಹೋಗುತ್ತದೆ, ಅದು ಎಲ್ಲರಿಗೂ ಅನ್ವಯಿಸುವ ಮಾತು. ಉಳಿದವರು ವೀಸಾ ಇಲ್ಲದೆ ಬಂದುಹೋಗಲು ಬಿಡುವ ಒಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡು ಮಾಡಿಸಿಕೊಂಡು ಊರಿಗೆ ಬಂದುಹೋಗುತ್ತಾರೆ. ವಿದೇಶಿ ಸೇನೆಯಲ್ಲಿ ಇರುವವರಿಗೂ ನಿವೃತ್ತರಾದವರಿಗೂ ಭಾರತ ಸರ್ಕಾರ ಆ ಕಾರ್ಡು ಕೊಡುವುದಿಲ್ಲ. ಅಪ್ಪ ಅಮ್ಮನನ್ನು ನೋಡಲು ಬರುವಾಗಲೆಲ್ಲ ನಾನು ವೀಸಾ ತೆಗೆದುಕೊಂಡೇ ಬರಬೇಕು.

ಯೋಜನೆ ಮುಂದೆ 2012ರಲ್ಲಿ ಮತ್ತೆ ತೆರೆಯಿತು, ವರ್ಷಕ್ಕೆ 1,500ರಿಂದ 5,000ದವರೆಗೆ ಬೆಳೆಯಿತು. 2016ರಲ್ಲಿ ಭದ್ರತೆಯ ಕಾರಣ ಕೊಟ್ಟು ಹೊಸಬರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಅಷ್ಟರೊಳಗೆ ಒಟ್ಟು ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಸಹಿ ಹಾಕಿ ಕಾಯುವ ಪಟ್ಟಿಯಲ್ಲಿದ್ದವರ ಪಾಡು ಕೆಟ್ಟದಾಯಿತು: ತಪಾಸಣೆ ಮುಗಿಯದೆ ತರಬೇತಿಯಿಲ್ಲ, ತರಬೇತಿಯಿಲ್ಲದೆ ಪೌರತ್ವವಿಲ್ಲ, ಅಷ್ಟರಲ್ಲಿ ವೀಸಾ ಮುಗಿದುಹೋಗಿರುತ್ತದೆ. ಆ ವರ್ಷಗಳಲ್ಲಿ ಮೈಸೂರಿನ ಹುಡುಗನೊಬ್ಬ ನನ್ನನ್ನು ಪದೇಪದೇ ಸಂಪರ್ಕಿಸುತ್ತಿದ್ದ. ಕೊನೆಗೆ ಅವನು ಕೆನಡಾಕ್ಕೆ ಹೋದ.

ಆಮೇಲೆ 2022ರಲ್ಲಿ ಭೂಸೇನೆ 60,000ದ ಗುರಿಯಲ್ಲಿ ಸುಮಾರು 15,000 ಕಡಿಮೆ ಬಿತ್ತು. ಆಗ ಅಮೆರಿಕ ದೊಡ್ಡ ಯುದ್ಧದಲ್ಲಿರಲಿಲ್ಲ. ನಿರುದ್ಯೋಗ ಶೇ 3.5ರ ಆಸುಪಾಸಿನಲ್ಲಿತ್ತು, ಅಂಗಡಿ ಗೋದಾಮುಗಳೇ ಒಳ್ಳೆಯ ಕೂಲಿ ಕೊಡುತ್ತಿದ್ದವು. ಅರ್ಹತೆಗೆ ಸ್ವಲ್ಪದರಲ್ಲಿ ತಪ್ಪಿದವರನ್ನು ತೂಕ ಇಳಿಸಿ, ಲೆಕ್ಕ ಕಲಿಸಿ ಸೇರಿಸಿಕೊಳ್ಳುವ ಪೂರ್ವತರಬೇತಿಯನ್ನು ಆ ವರ್ಷ ಅದೇ ಫೋರ್ಟ್ ಜಾಕ್ಸನ್‌ನಲ್ಲಿ ಶುರುಮಾಡಿದರು. ತರಬೇತಿ ನೆಲೆಯಲ್ಲೇ ಪೌರತ್ವ ಕೊಡುವ ಪದ್ಧತಿಯೂ ಮತ್ತೆ ಬಂತು, ಆದರೆ ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ವಿದ್ಯಾರ್ಥಿ ವೀಸಾದ ಮೇಲಿರುವ ನಮ್ಮ ಕಡೆಯ ಹುಡುಗರು ಈಗಲೂ ಆಗೊಮ್ಮೆ ಈಗೊಮ್ಮೆ ಫೋನು ಮಾಡಿ, ಕೊರತೆ ಇದೆಯಂತಲ್ಲ, ನಮ್ಮನ್ನು ತೆಗೆದುಕೊಳ್ಳುತ್ತಾರಾ ಎಂದು ಕೇಳುತ್ತಾರೆ. ಸದ್ಯಕ್ಕೆ ಇಲ್ಲ ಎನ್ನುತ್ತೇನೆ. ಜೊತೆಗೆ, ಮುಂದೆಂದಾದರೂ ತೆರೆದರೆ ಸಹಿ ಹಾಕುವ ಮುನ್ನ ವೀಸಾದ ಅವಧಿ ಎಷ್ಟು ಉಳಿದಿದೆ ನೋಡಿಕೊಳ್ಳಿ, ಒಸಿಐ ವಿಷಯವನ್ನು ಮನೆಯವರ ಹತ್ತಿರ ಮಾತಾಡಿಕೊಳ್ಳಿ ಎಂದೂ ಹೇಳುತ್ತೇನೆ.